ನಾಲ್ಕನೆಯ ಸೀಟಿನ ದೇವೀಂದ್ರಪ್ಪ

ನಮ್ಮ ಶಾಲೆಯ ಜವಾನ ದೇವೀಂದ್ರಪ್ಪನವರನ್ನು ಕಂಡರೆ ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನಾನು ಚಂದ್ರಾಬಾಯಿ. ಕಮಲಾಪುರದ ಹೈಸ್ಕೂಲಿಗೆ ಮುಖ್ಯಾಧ್ಯಾಪಕಿಯಾಗಿ ಹೋದದ್ದು ತೊಂಬತ್ತೈದರಲ್ಲಿ. ದಿನಾ ಬೆಳಿಗ್ಗೆ ಕಲಬುರಗಿಯಿಂದ ಹುಮನಾಬಾದ್ ಕಡೆಯ ಬಸ್ಸು ಹಿಡಿದು, ಒಂದು ಗಂಟೆ ಕುಲುಕಿಸಿಕೊಂಡು ಬಂದಿಳಿಯುವ ಹೆಂಗಸಿಗೆ ತಾಳ್ಮೆ ಎಷ್ಟಿರುತ್ತದೆ ಹೇಳಿ. ಅದರಲ್ಲೂ ನನಗೆ ಅದು ಹುಟ್ಟಿನಿಂದಲೇ ಕಡಿಮೆ. ದೇವೀಂದ್ರಪ್ಪನವರಿಗೆ ಒಂದು ಮಾತು ತಿಳಿಸಬೇಕಾದರೆ ಎಡಗಿವಿಯ ಹತ್ತಿರ ಹೋಗಿ ಕೂಗಬೇಕಿತ್ತು. ಬಲಗಿವಿ ಪೂರ್ತಿ ಹೋಗಿತ್ತು. ಅವರೂ ಅಷ್ಟೇ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದರು, ಪಕ್ಕದ ಕೋಣೆಯಲ್ಲಿ ಪಾಠ ನಿಲ್ಲುತ್ತಿತ್ತು.

ಅವರದು ಇನ್ನೊಂದು ಖೋಡಿ ಚಾಳಿ ಇತ್ತು. ಹೇಳಿದ ಕೆಲಸ ಮುಗಿದ ಕೂಡಲೇ ಎದುರಿಗೆ ಬಂದು ನೆಟ್ಟಗೆ ನಿಂತು "ಲೋಡೆಡ್" ಅನ್ನುವರು. ಗಂಟೆ ಬಾರಿಸಿ ಬಂದರೆ ಲೋಡೆಡ್, ಬಾಗಿಲಿಗೆ ಬೀಗ ಹಾಕಿದರೆ ಲೋಡೆಡ್, ನನ್ನ ಮೇಜಿನ ಮೇಲೆ ನೀರಿನ ಗ್ಲಾಸು ಇಟ್ಟರೂ ಲೋಡೆಡ್. ಹುಡುಗಿಯರು ಬಾಯಿಗೆ ದಾವಣಿ ಅಡ್ಡ ಹಿಡಿದು ನಗುವರು. ಇದನ್ನು ಬಿಡಿ ಅಂತ ಒಂದು ದಿನ ಕೂಗಿ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಸೀಮೆಸುಣ್ಣದ ತುಂಡು ತೆಗೆದುಕೊಂಡು ನನ್ನ ಕೋಣೆಯ ನೆಲದ ಮೇಲೆಯೇ ಒಂದು ಟ್ಯಾಂಕಿನ ಚಿತ್ರ ಬರೆದರು.

ಅವರು ಸೈನ್ಯದಲ್ಲಿ ಟ್ಯಾಂಕಿನ ಲೋಡರ್ ಆಗಿದ್ದರಂತೆ. ಟ್ಯಾಂಕಿನೊಳಗೆ ನಾಲ್ಕು ಸೀಟು. ಮುಂದೆ ಕೆಳಗೆ, ಹೆಚ್ಚುಕಡಿಮೆ ಮಲಗಿಕೊಂಡೇ ಓಡಿಸುವವನು ಡ್ರೈವರ್. ಮೇಲೆ ಕಮಾಂಡರ್. ಅವನ ಕಾಲ ಬಳಿ ಗುರಿ ಹಿಡಿಯುವ ಗನ್ನರ್. ತೋಪಿನ ಪಕ್ಕದಲ್ಲಿ ಲೋಡರ್. ಇಪ್ಪತ್ತು ಕಿಲೋದಷ್ಟು ಭಾರದ ಗುಂಡನ್ನು ಎತ್ತಿ ತೋಪಿನ ಹಿಂಬಾಯಿಗೆ ತಳ್ಳಿ, ತಾನು ಸರಿದು ನಿಂತು, "ಲೋಡೆಡ್" ಅನ್ನಬೇಕು. ಆ ಮಾತು ಬರುವ ತನಕ ಗನ್ನರ್ ಗುಂಡು ಹಾರಿಸುವಂತಿಲ್ಲ. ಹಾರಿಸಿದರೆ ಹಿಂದಕ್ಕೆ ಚಿಮ್ಮುವ ತೋಪು ಲೋಡರನ ಎದೆ ಒಡೆಯುತ್ತದೆ. ನನ್ನ ಕೆಲಸ ಮುಗಿಯಿತು, ಇನ್ನು ನಿಮ್ಮದು ಅಂತ ಅದರ ಅರ್ಥ. ಒಳಗಿನ ಗದ್ದಲದಲ್ಲಿ ನಾಲ್ವರೂ ಕಿವಿಗೆ ಹೆಡ್‌ಫೋನು, ಬಾಯಿಗೆ ಮೈಕು ಕಟ್ಟಿಕೊಂಡು ಮಾತಾಡುತ್ತಿದ್ದರಂತೆ. "ಬಾಯಾರ, ಹದಿನಾರು ವರ್ಷ ನನ್ನ ಮಾತಿಗಿ ಮೂರು ಮಂದಿ ಕಾದಾರ್ರಿ" ಅಂದರು. ಆಮೇಲೆ ಹಸಿ ಬಟ್ಟೆ ತಂದು ನೆಲ ಒರೆಸಿ, ನನ್ನ ಮುಖ ನೋಡಿ, ಬಾಯಿ ಮುಚ್ಚಿಕೊಂಡೇ ಹೋದರು.

ಆ ದಿನದಿಂದ ನನ್ನ ಮುಂದೆ ಅವರು ಆ ಮಾತು ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು ಅಂತ ಎರಡು ದಿನಕ್ಕೇ ಅನ್ನಿಸಿತು, ಆದರೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ.

ಕಮಲಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಅವರದೊಂದು ಬಾಡಿಗೆಯ ಕೋಣೆ. ತಂದೆ ತಾಯಿ ಎಂದೋ ತೀರಿದ್ದರು, ತಂಗಿಯರು ಗಂಡನ ಮನೆಗಳಲ್ಲಿದ್ದರು. ರೇಡಿಯೋ ಇತ್ತು. ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹಚ್ಚಿದರೆ ಓಣಿಯವರು ಜಗಳಕ್ಕೆ ಬರುತ್ತಾರೆಂದು ಹಚ್ಚುವುದನ್ನೇ ಬಿಟ್ಟಿದ್ದರು. ಸಂಜೆ ಚಹಾದ ಹೋಟೆಲಿಗೆ ಹೋದರೆ ಒಳಗೆ ಕೂರದೆ ಹೊರಗಿನ ಕಲ್ಲಿನ ಮೇಲೆ ಕೂರುವರು. ಕಿವುಡರ ಜೊತೆ ಹರಟೆ ಆಗುವುದಿಲ್ಲ. ಹರಟೆಯನ್ನು ಯಾರೂ ಕೂಗಿ ಹೇಳುವುದಿಲ್ಲ, ಕೆಲಸ ಇದ್ದರೆ ಮಾತ್ರ ಕೂಗುತ್ತಾರೆ. ಹೀಗಾಗಿ ಅವರ ಕಿವಿಗೆ ವರ್ಷಗಟ್ಟಲೆ ಬಿದ್ದದ್ದೆಲ್ಲ ಬರೀ ಅಪ್ಪಣೆಗಳು. ನಾನೂ ಅಷ್ಟೇ ಮಾಡಿದೆ. ಗಂಟೆ ಹೊಡೀರಿ, ಬೀಗ ಹಾಕ್ರಿ, ನೀರು ತರ್ರಿ.

ಮದುವೆ ಯಾಕೆ ಆಗಲಿಲ್ಲ ಅನ್ನುವುದನ್ನು ಒಂದು ಸಲ ಅವರೇ ಹೇಳಿದರು. ಎಂಬತ್ತರ ನಂತರ ಅವರ ರೆಜಿಮೆಂಟಿಗೆ ರಷ್ಯದ ಟಿ-72 ಟ್ಯಾಂಕುಗಳು ಬಂದವು. ಅದರಲ್ಲಿ ಗುಂಡನ್ನು ಯಂತ್ರವೇ ತುಂಬುತ್ತದೆ, ಸೀಟು ಮೂರೇ. ನಾಲ್ಕನೆಯವನು ಬೇಡವಾದ. ದೇವೀಂದ್ರಪ್ಪನವರನ್ನು ಸಾಮಾನಿನ ಕೋಠಿಗೆ ಹಾಕಿದರು. ಎಂಬತ್ತೈದರಲ್ಲಿ ನಮ್ಮ ದೇಶದ ಸ್ವಂತ ಟ್ಯಾಂಕಿನ ಪರೀಕ್ಷೆಗೆ ಜನ ಬೇಕೆಂದು ಕರೆ ಬಂತು. ಅದಕ್ಕೆ ಮತ್ತೆ ನಾಲ್ಕು ಸೀಟು, ಕೈಯಿಂದಲೇ ಗುಂಡು ತುಂಬಬೇಕು. ಇವರು ಕೈ ಎತ್ತಿ ಓಡಿಹೋದರು.

ಆ ಟ್ಯಾಂಕಿನ ಹೆಸರೇ ಅರ್ಜುನ. ಪಾಂಡವರ ಅರ್ಜುನ ಹದಿಮೂರು ವರ್ಷಕ್ಕೆ ವನವಾಸ ಅಜ್ಞಾತವಾಸ ಎರಡನ್ನೂ ಮುಗಿಸಿ ಬಂದ, ಇದು ಅಷ್ಟರಲ್ಲಿ ಮುಗಿಯಲಿಲ್ಲ. ರಾಜಸ್ಥಾನದ ಮರಳಿನಲ್ಲಿ ಬೇಸಿಗೆಯ ಬಿಸಿಲಿಗೆ ಎಂಜಿನ್ನು ಕಾದು ನಿಲ್ಲುವುದು. ಎಂಜಿನಿಯರುಗಳು ಬಂದು ಬಿಚ್ಚುವುದು, ವಾರಗಟ್ಟಲೆ ಕಾಯುವುದು, ಮತ್ತೆ ಓಡಿಸುವುದು. ಗುರಿ ಲೆಕ್ಕ ಹಾಕುವ ಪೆಟ್ಟಿಗೆಯೂ ಸೆಕೆಗೆ ಮುನಿಸಿಕೊಳ್ಳುವುದು. ರೈಲಿನ ಸಾಮಾನ್ಯ ವ್ಯಾಗನ್ನಿಗೆ ಅದರ ಮೈ ಹಿಡಿಯುವುದಿಲ್ಲ, ಅಷ್ಟು ಅಗಲ. ತೋಪು ಮಾತ್ರ ಬಂಗಾರದಂಥದು, ಇಟ್ಟ ಗುರಿ ತಪ್ಪುತ್ತಿರಲಿಲ್ಲ ಅನ್ನುವಾಗ ದೇವೀಂದ್ರಪ್ಪನವರ ಮುಖ ಅರಳುತ್ತಿತ್ತು. ಮಹಾಗಾಂವದ ಸೂಗಮ್ಮನ ಜೊತೆ ಅವರ ಲಗ್ನ ನಿಶ್ಚಯವಾಗಿತ್ತು. ಈ ಪರೀಕ್ಷೆ ಮುಗಿಯಲಿ ಅಂತ ಮೂರು ಸಲ ತಾರು ಕಳಿಸಿ ಮುಹೂರ್ತ ಮುಂದೂಡಿದರು. ನಾಲ್ಕನೆಯ ಸಲ ಹುಡುಗಿಯ ತಂದೆ ಚಿಂಚೋಳಿಯ ಹುಡುಗನಿಗೆ ಕೊಟ್ಟು ಕೈ ತೊಳೆದುಕೊಂಡ. ದೇವೀಂದ್ರಪ್ಪನವರು ತೊಂಬತ್ಮೂರರಲ್ಲಿ ಪಿಂಚಣಿಗೆ ಬಂದಾಗಲೂ ಟ್ಯಾಂಕು ಪರೀಕ್ಷೆಯಲ್ಲೇ ಇತ್ತು. ಅದು ಸೈನ್ಯದ ಕೈಗೆ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ. ನಾನು ಇದನ್ನು ಬರೆಯುವ ಈ ಹೊತ್ತಿಗೂ ಅದು ಒಂದು ಯುದ್ಧವನ್ನೂ ಕಂಡಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನಾನು ತೊಂಬತ್ತೊಂಬತ್ತರಲ್ಲಿ ಮಾಡಿದ ಕೆಲಸ ಕೇಳಿ. ಕಾರ್ಗಿಲ್ ಯುದ್ಧ ಆಗಷ್ಟೇ ಮುಗಿದಿತ್ತು. ಎಲ್ಲೆಲ್ಲೂ ಮಾಜಿ ಸೈನಿಕರಿಗೆ ಸನ್ಮಾನ. ನಮ್ಮ ಶಾಲೆಯಲ್ಲೇ ಒಬ್ಬರಿದ್ದಾರಲ್ಲ ಅಂತ ಊರ ಹಿರಿಯರು ಅಂದರು, ಆಗಸ್ಟ್ ಹದಿನೈದಕ್ಕೆ ಮಾಡೋಣ ಅಂತ ನಾನು ಅಂದೆ. ಭಾಷಣ ಬರೆಯಲು ಕೂತೆ. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದವರು, ಒಂದಲ್ಲ ಒಂದು ಕಡೆ ಹೋರಾಡಿರಲೇಬೇಕು. ರಣರಂಗ, ಶತ್ರುಗಳ ಎದೆ, ಗುಡುಗು, ಎಲ್ಲವನ್ನೂ ಹಾಕಿ ಎರಡು ಪುಟ ತುಂಬಿಸಿದೆ. ಅವರನ್ನು ಒಂದು ಮಾತು ಕೇಳಲಿಲ್ಲ. ಕೇಳಬೇಕಾದರೆ ಕೂಗಬೇಕು, ಕೂಗಿದರೆ ಗಂಟಲು ನೋಯುತ್ತದೆ. ಕಾರಣ ಅಷ್ಟೇ, ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸುದ್ದಿ ಒಂದು ವಾರ ಮೊದಲೇ ಊರಲ್ಲಿ ಹರಡಿತು. ಚಹಾದ ಹೋಟೆಲಿನವರು ಅವರನ್ನು ಕೈ ಹಿಡಿದು ಒಳಗೆ ಕರೆದು ನಡುವಿನ ಬೆಂಚಿನ ಮೇಲೆ ಕೂರಿಸಿದರು. ಬಸ್‌ಸ್ಟ್ಯಾಂಡಿನ ಮುಂದೆ ಕೆಂಬಾಳೆ ಮಾರುವ ಸಾಬಮ್ಮ ಒಂದು ಚಿಪ್ಪು ಹಣ್ಣನ್ನೇ ಅವರ ಕೈಗಿಟ್ಟಳು. ಹುಡುಗರು ಸೆಲ್ಯೂಟ್ ಹೊಡೆದರು. ಯಾಕೆ ಅಂತ ಯಾರೂ ಅವರ ಎಡಗಿವಿಗೆ ಹೋಗಿ ಹೇಳಲಿಲ್ಲ. ಅವರು ಆ ಹಣ್ಣಿನಲ್ಲಿ ಎರಡು ತಂದು ನನ್ನ ಮೇಜಿನ ಮೇಲೆ ಇಟ್ಟರು. "ಈ ಊರ ಮಂದಿ ಭಾಳ ಛಲೋ ಮಂದಿ ಅದಾರ್ರಿ ಬಾಯಾರ. ನನಗ ಇಷ್ಟು ದಿನ ಗೊತ್ತೇ ಇದ್ದಿಲ್ಲ." ನಾಲ್ಕು ವರ್ಷದಲ್ಲಿ ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಆ ವಾರ ಮಾತ್ರ.

ಹದಿನೈದರಂದು ವೇದಿಕೆಯ ಮೇಲೆ ಅವರನ್ನು ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿದೆವು. ನಾನು ಎರಡು ಪುಟ ಓದಿದೆ. ಜನ ಚಪ್ಪಾಳೆ ಹೊಡೆದರು. ಅವರಿಗೆ ಒಂದಕ್ಷರ ಕೇಳಿಸಲಿಲ್ಲ, ಜನರ ಕೈ ನೋಡಿ ಅವರೂ ಚಪ್ಪಾಳೆ ಹೊಡೆದರು. ಆಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವರ ಎಡಗಿವಿಗೆ ಬಾಯಿಟ್ಟು, ವೈರಿಗಳ ಟ್ಯಾಂಕು ಎಷ್ಟು ಒಡೆದಿರಿ ಹೇಳ್ರಿ ಅಂತ ಕೂಗಿದರು. ದೇವೀಂದ್ರಪ್ಪನವರು ಅವರ ಮುಖ ನೋಡಿದರು, ನನ್ನ ಕೈಯಲ್ಲಿದ್ದ ಕಾಗದ ನೋಡಿದರು. ಎದ್ದು ಬಂದು ಮೈಕು ಹಿಡಿದರು.

ದಿನಾ ಶಾಲೆ ಬಿರಿಯುವಂತೆ ಕೂಗುವ ಮನುಷ್ಯನ ದನಿ ಮೈಕು ಬಾಯಿಗೆ ಬಂದದ್ದೇ ತಗ್ಗಿತು. ಟ್ಯಾಂಕಿನೊಳಗೆ ವರ್ಷಗಟ್ಟಲೆ ಮೈಕಿನಲ್ಲೇ ಮಾತಾಡಿದ ಅಭ್ಯಾಸ. ಹತ್ತಿರ ಕೂತವರ ಜೊತೆ ಮಾತಾಡಿದ ಹಾಗೆ ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ನಾ ಲಡಾಯಿಗಿ ಹೋಗಿಲ್ಲರಿ. ಸಾವಿರಗಟ್ಟಲೆ ಗುಂಡು ತುಂಬೀನಿ, ಎಲ್ಲಾ ಹಲಗಿಗಿ, ಉಸುಕಿಗಿ ಹೋಗ್ಯಾವ. ಲಡಾಯಿ ಮಾಡಿದಾಂವ ಇಮಾಮುದ್ದೀನ್, ನಮ್ಮ ಟ್ಯಾಂಕಿನ ಡ್ರೈವರ್. ಕಲಬುರಗಿ ಮೋಮಿನಪುರದಾಂವ. ಜಾಫ್ನಾದಾಗ ಸತ್ತ. ಈ ಹಾರ ಅವಂದು." ಹಾರ ತೆಗೆದು ಕುರ್ಚಿಯ ಮೇಲಿಟ್ಟು ವೇದಿಕೆ ಇಳಿದು ಹೋದರು.

ಜನರಿಗೆ ಮೋಸವಾದಂತೆ ಅನ್ನಿಸಿತು. ಮರುದಿನವೇ ದೇವೀಂದ್ರಪ್ಪನವರು ಮತ್ತೆ ಹೋಟೆಲಿನ ಹೊರಗಿನ ಕಲ್ಲಿಗೆ ಬಂದರು. ಲಡಾಯಿ ಮಾಡದಿದ್ದರೆ ನನ್ನ ಹಣ್ಣು ಯಾಕೆ ತಿಂದಿರಿ ಅಂತ ಸಾಬಮ್ಮ ಕೈಯಾಡಿಸಿ ಕೇಳಿದಳಂತೆ. ನನ್ನ ಸಿಟ್ಟಂತೂ ನೆತ್ತಿಗೇರಿತ್ತು. ಇಡೀ ಊರ ಮುಂದೆ ನನ್ನ ಮಾನ ಕಳೆದರಲ್ಲ, ಮೊದಲೇ ಹೇಳಲು ಏನು ಧಾಡಿ ಅಂತ ಅವರ ಕಿವಿಯಲ್ಲಿ ಕೂಗಿದೆ. "ನೀವು ಕೇಳಿದ್ದಿಲ್ಲರಿ" ಅಂದರು. ಅದರಲ್ಲಿ ಕೊಂಕು ಇರಲಿಲ್ಲ, ಇದ್ದದ್ದನ್ನೇ ಅಂದರು. ಆ ದಿನ ಬಸ್ಸಿನಲ್ಲಿ ಕಲಬುರಗಿಯ ತನಕ ನನ್ನನ್ನೇ ಬೈದುಕೊಂಡು ಹೋದೆ.

ಒಂದು ವಾರ ಕಳೆದ ಮೇಲೆ ಶಾಲೆ ಬಿಟ್ಟ ಹೊತ್ತಿಗೆ ಅವರು ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು. ನೀವು ಕಲಬುರಗಿಯವರು, ನನ್ನ ಜೊತೆ ಒಂದು ಸಲ ಮೋಮಿನಪುರಕ್ಕೆ ಬರಬೇಕು ಅಂದರು. ಇಮಾಮುದ್ದೀನನ ಹೆಂಡತಿ ಜೈನಾಬಿ ಅಲ್ಲಿದ್ದಾಳೆ, ಅವನು ಸತ್ತು ಹನ್ನೆರಡು ವರ್ಷವಾದರೂ ಆಕೆಯ ಮನೆಗೆ ತಾನು ಹೋಗಿಲ್ಲ. ಯಾಕೆ ಅಂತ ಈ ಸಲ ಕೇಳಿದೆ.

ಕಥೆ ಹೀಗಿತ್ತು. ಹಳೆಯ ಟ್ಯಾಂಕಿನಲ್ಲಿ ಇಬ್ಬರೂ ಎಂಟು ವರ್ಷ ಜೊತೆಗಿದ್ದರು, ಒಂದೇ ಜಿಲ್ಲೆಯವರು. ಒಬ್ಬರಿಗೊಬ್ಬರು ಬರೆದ ಕಾಗದದ ಕೊನೆಗೆ ಹೆಸರಿನ ಬದಲು "ಲೋಡೆಡ್" ಅಂತ ಬರೆಯುವುದು ಅವರ ತಮಾಷೆ. ನನ್ನ ಮಾತು ಮುಗಿಯಿತು, ಇನ್ನು ನೀನು ಬರಿ ಅಂತ. ಎಂಬತ್ತೇಳರ ಬೇಸಿಗೆಯಲ್ಲಿ ಅರ್ಜುನದ ಪರೀಕ್ಷೆಗೆ ಒಬ್ಬ ಡ್ರೈವರ್ ಬೇಕಾಗಿ, ಇಮಾಮುದ್ದೀನನ ಹೆಸರು ಬಂತು. ಬರಲೋ ಬೇಡವೋ ಅಂತ ಆತ ದೇವೀಂದ್ರಪ್ಪನವರಿಗೆ ಬರೆದು ಕೇಳಿದ. ಇವರು ಇದ್ದದ್ದು ಇದ್ದ ಹಾಗೆ ಬರೆದರು. ಇಲ್ಲಿ ಎರಡು ದಿನ ಓಡಿದರೆ ಹತ್ತು ದಿನ ನಿಲ್ಲುತ್ತದೆ, ರಜೆ ಸಿಗುವುದಿಲ್ಲ, ನನ್ನ ಲಗ್ನ ಮುರಿಯುವ ಹಂತಕ್ಕೆ ಬಂದಿದೆ. ನಿನ್ನ ರಷ್ಯದ ಟ್ಯಾಂಕು ಕರೆದಾಗ ಓಗೊಡುತ್ತದೆ, ನಂಬಿಕೆಯದು, ಅದನ್ನು ಬಿಟ್ಟು ಬರಬೇಡ. ಕೊನೆಗೆ ಲೋಡೆಡ್.

ಇಮಾಮುದ್ದೀನ್ ಬರಲಿಲ್ಲ. ಅಕ್ಟೋಬರಿನಲ್ಲಿ ಟಿ-72 ಟ್ಯಾಂಕುಗಳನ್ನು ಶ್ರೀಲಂಕಾಕ್ಕೆ ಕಳಿಸಿದರು. ಬಯಲಿನ ಯುದ್ಧಕ್ಕೆಂದು ಮಾಡಿದ ಟ್ಯಾಂಕು ಜಾಫ್ನಾದ ಸಂದಿಗಳಲ್ಲಿ ಸಿಕ್ಕಿತು. ಎರಡೂ ಕಡೆ ಮನೆ, ತಾಳೆ ಮರ, ಉದ್ದ ತೋಪನ್ನು ತಿರುಗಿಸಲು ಜಾಗವಿಲ್ಲ, ರಸ್ತೆಯ ಕೆಳಗೆ ಹೂತ ನೆಲಬಾಂಬು. ಅಂಥದೊಂದರ ಮೇಲೆ ಇಮಾಮುದ್ದೀನನ ಟ್ಯಾಂಕು ಹಾಯಿತು. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಕೆಳಗೆ ಕೂತವನು ಡ್ರೈವರ್. ಉಳಿದ ಇಬ್ಬರು ಬದುಕಿದರು. ಸುದ್ದಿ ಮರಳುಗಾಡಿಗೆ ಬಂದ ದಿನ ಇವರ ಟ್ಯಾಂಕು ಎಂಜಿನ್ನಿನ ಮುಚ್ಚಳ ತೆರೆದು ನಿಂತಿತ್ತಂತೆ. ಕೆಟ್ಟ ಟ್ಯಾಂಕು ನನ್ನ ಉಳಿಸಿತು, ಛಲೋ ಟ್ಯಾಂಕು ಅವನ ತಿಂತು ಅಂದರು. ಆ ಕಾಗದ ಬರೆದವನು ತಾನು ಅಂತ ಜೈನಾಬಿಗೆ ಹೇಳಬೇಕು, ಆಕೆ ಏನನ್ನುತ್ತಾಳೋ ಅದನ್ನು ತೆಗೆದುಕೊಳ್ಳಬೇಕು. "ಆಕಿ ಬೈದ್ರ ನನಗ ಕೇಳಸಂಗಿಲ್ಲಲ್ಲರಿ ಬಾಯಾರ. ನೀವು ನನ್ನ ಕಿವ್ಯಾಗ ಹೇಳಬೇಕು. ಒಂದು ಮಾತೂ ಕಡಿಮಿ ಮಾಡಬ್ಯಾಡ್ರಿ."

ಭಾನುವಾರ ಬೆಳಿಗ್ಗೆ ಅವರು ಕಮಲಾಪುರದ ಬಸ್ಸಿನಿಂದ ಕಲಬುರಗಿಯಲ್ಲಿ ಇಳಿದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸನ್ಮಾನದ ಶಾಲು, ಒಂದು ಚಿಪ್ಪು ಕೆಂಬಾಳೆ. ಮೋಮಿನಪುರದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಫೌಜಿ ಇಮಾಮುದ್ದೀನನ ಮನೆ ಅಂದರೆ ಮಸೀದಿಯ ಹಿಂದಿನ ಓಣಿ ತೋರಿಸಿದರು. ಜೈನಾಬಿ ನೆಲದ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ನಲವತ್ತು ದಾಟಿದ ತೆಳ್ಳನೆಯ ಹೆಂಗಸು. ಮಕ್ಕಳಿಲ್ಲ. ಗೋಡೆಯ ಮೇಲೆ ಕರಿ ಟೋಪಿ ಹಾಕಿದ ಫೌಜಿಯ ಫೋಟೋ. ನಾನು ಇವರು ಯಾರೆಂದು ಹೇಳಿದೆ. ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎರಡು ಚಾಪೆ ಹಾಸಿದಳು.

ದೇವೀಂದ್ರಪ್ಪನವರು ಹೇಳತೊಡಗಿದರು. ಇಲ್ಲಿ ಮೈಕು ಇರಲಿಲ್ಲ. ಹನ್ನೆರಡು ವರ್ಷ ಎದೆಯಲ್ಲಿ ಮುಚ್ಚಿಟ್ಟುಕೊಂಡ ಮಾತನ್ನು ಆ ಮನುಷ್ಯ ಇಡೀ ಓಣಿಗೆ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. ಎದುರು ಮನೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಮೆಲ್ಲಗೆ ಹೇಳಿ ಅಂತ ನಾನು ಕೈಸನ್ನೆ ಮಾಡಿದೆ, ಅವರು ನನ್ನ ಕಡೆ ನೋಡಲಿಲ್ಲ. ಅವರ ಕಣ್ಣು ಫೋಟೋದ ಮೇಲಿತ್ತು. ನನ್ನ ಮಾತಿನ ಮ್ಯಾಲ ಆಂವ ಅಲ್ಲೇ ಉಳಿದ ಅನ್ನುವ ಹೊತ್ತಿಗೆ ಅವರ ದನಿ ಒಡೆಯಿತು. ನನಗೆ ಅಲ್ಲಿ ಕೂರಲು ಆಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ.

ಜೈನಾಬಿ ಮೊದಲು ಮಾತಾಡಿದ್ದು ನನ್ನ ಜೊತೆ. ಆ ಕಾಗದ ಇಮಾಮುದ್ದೀನನ ಟ್ರಂಕಿನಲ್ಲೇ ಮನೆಗೆ ಬಂದಿತ್ತಂತೆ. ತನಗೆ ಕನ್ನಡ ಓದಲು ಬರುವುದಿಲ್ಲ, ಪಕ್ಕದ ಮನೆಯ ಹಾಜಿರಾ ಕೈಯಿಂದ ಅದೇ ವರ್ಷ ಓದಿಸಿದ್ದಳು. ಅದರಲ್ಲೇನಿದೆ ಅಂತ, ಕೊನೆಯ ಮಾತಿನ ತನಕ, ಹನ್ನೆರಡು ವರ್ಷದಿಂದ ಆಕೆಗೆ ಗೊತ್ತು. ನಾನು ಇದನ್ನು ಅವರ ಎಡಗಿವಿಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

ಆಮೇಲೆ ಆಕೆ ಅವರನ್ನೇ ನೋಡುತ್ತ ಅಂದಳು. "ಇದ್ದದ್ದು ಬರದೀರಿ, ಅದಕ್ಕ ನನಗ ಗುಸ್ಸಾ ಇಲ್ಲ. ಸಾವಿನ ಖಬರ್ ತಂದವರು ಗುರ್ತಿಲ್ಲದ ಮಂದಿ. ಅವರು ಹ್ಯಾಂಗಿದ್ರು ಅಲ್ಲಿ, ಏನು ತಿಂತಿದ್ರು, ಏನು ಮಾತಾಡ್ತಿದ್ರು, ಹೇಳೋರು ಒಬ್ಬರೂ ಬರ್ಲಿಲ್ಲ. ನಿಮಗ ಎಲ್ಲಾ ಗೊತ್ತಿತ್ತು. ಒಂದು ಗಂಟಿ ಬಸ್ಸಿನ ಹಾದಿ. ನೀವು ನಿಮ್ಮ ಪಾಪ ಹಿಡ್ಕೊಂಡು ಕುಂತ್ರಿ, ನಾ ಇಲ್ಲಿ ಗ್ವಾಡಿ ನೋಡ್ಕೊಂತ ಕುಂತೆ. ನೀವು ಭಾಳ ಖರಾಬ್ ಮಾಡೀರಿ, ಭಾಯಿ."

ನಾನು ಬಗ್ಗಿ ಹೇಳಿದೆ. ಕೋಪವಿಲ್ಲವಂತೆ, ನೀವು ಮೊದಲೇ ಬರಬೇಕಿತ್ತಂತೆ ಅಂದೆ. ಅವರು ತಲೆ ಅಲ್ಲಾಡಿಸಿದರು. ಬಾಯಾರ, ಆಕಿ ಇಷ್ಟು ಕಡಿಮಿ ಮಾತಾಡಿಲ್ಲ ಅಂದರು. ನನಗೆ ಬೇರೆ ದಾರಿ ಇರಲಿಲ್ಲ. ಒಂದೊಂದು ಮಾತನ್ನೂ ಆಕೆ ಅಂದ ಹಾಗೆಯೇ, ಖರಾಬ್ ಅನ್ನುವುದನ್ನೂ ಬಿಡದೆ, ಆ ಕಿವಿಗೆ ಕೂಗಿದೆ. ಅವರು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು.

ಜೈನಾಬಿ ಎದ್ದು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಹೋದರು. ಇನ್ನು ಹೊರಡಬೇಕು ಅನ್ನುವಂತೆ ದೇವೀಂದ್ರಪ್ಪನವರು ಶಾಲನ್ನು ಫೋಟೋದ ಕೆಳಗೆ ಇಟ್ಟು, ಹಣ್ಣನ್ನು ಅದರ ಪಕ್ಕ ಇಟ್ಟು, ಗೋಡೆ ಹಿಡಿದು ಏಳಲು ಹೋದರು.

ಆಗ ಆಕೆ ಚಹಾ ತಂದಳು. ನನ್ನ ಕಪ್ಪನ್ನು ನನ್ನ ಕೈಗೆ ಕೊಟ್ಟಳು. ಅವರದನ್ನು ಅವರ ಮುಂದೆ ನೆಲದ ಮೇಲಿಟ್ಟು, ಅವರು ಮತ್ತೆ ಕೂರುವ ತನಕ ಕಾದು, ಎದುರಿಗೆ ಮೊಣಕಾಲೂರಿ ಕೂತು, ಅವರ ಮುಖ ನೋಡಿ ಒಂದೇ ಮಾತು ಅಂದಳು.

"ಲೋಡೆಡ್."

ಇದೊಂದನ್ನು ನಾನು ಅವರ ಕಿವಿಗೆ ಹೇಳಬೇಕಾಗಲಿಲ್ಲ. ಅವರು ಎರಡೂ ಕೈಯಲ್ಲಿ ಕಪ್ಪು ಹಿಡಿದುಕೊಂಡು, ಮೈಕು ಇದ್ದ ದಿನದ ಹಾಗೆ ಮೆಲ್ಲಗೆ, ಇಮಾಮುದ್ದೀನ್ ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತಿದ್ದ ಅಂತ ಹೇಳತೊಡಗಿದರು.